ಆಯುಧಪೂಜೆಗೆ ತೊಳೆದ ತೊಟ್ಟಿ

ನನಗೆ ಮೂವತ್ತಾರು ವರ್ಷ. ನಾನು ನಿವೃತ್ತ ನೌಕರ. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈಕಾಲು ಎಲ್ಲ ಸರಿಯಾಗಿವೆಯಾ ಅಂತ ನೋಡುತ್ತಾರೆ, ಕೊನೆಗೆ "ಪಾಪ" ಅನ್ನುತ್ತಾರೆ. ಪಾಪ ಏನೂ ಇಲ್ಲ. ತಾಂಡ್ಯದ ಕೈಗಾರಿಕಾ ಪ್ರದೇಶದ ಒಂದು ಕಾಗದದ ಮಿಲ್ಲಿನಲ್ಲಿ ಕೊಳಕು ನೀರು ತಿಳಿ ಮಾಡುವ ವಿಭಾಗದಲ್ಲಿದ್ದೆ. ಕಂಪನಿ ಸ್ವಯಂನಿವೃತ್ತಿ ಯೋಜನೆ ತಂದಾಗ ಅದು ವಯಸ್ಸಾದವರಿಗೆ ಅಂತ ಎಲ್ಲರೂ ಅಂದುಕೊಂಡಿದ್ದರು, ಆದರೆ ಹಾಗಂತ ಎಲ್ಲೂ ಬರೆದಿರಲಿಲ್ಲ. ಅರ್ಜಿ ಹಾಕಿದೆ. ನನ್ನನ್ನು ಕಳಿಸಿಕೊಡಲು ಆಡಳಿತದವರು ತೋರಿಸಿದ ಉತ್ಸಾಹ ಕಂಡು ನನಗೇ ಸ್ವಲ್ಪ ಬೇಜಾರಾಯಿತು. ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಆಯಿತು. ಎಲ್ಲರಿಗೂ ಓದುವ ಅದೇ ಭಾಷಣ ನನಗೂ ಓದಿದರು. ನಾನು ಮೊಮ್ಮಕ್ಕಳ ಜೊತೆ ಸುಖವಾಗಿರಲಿ ಅಂತ ಹಾರೈಸಿದರು. ನನಗಿನ್ನೂ ಮದುವೆಯೇ ಆಗಿಲ್ಲ.

ಈಗ ನನ್ನ ಜಾಗದಲ್ಲಿ ಒಂದು ಸೆನ್ಸರ್ ಕೂತಿದೆ. ನೀರಿನಲ್ಲಿ ಮೂತಿ ಇಟ್ಟುಕೊಂಡು ಒಳಗಿನ ಸಮಾಚಾರವನ್ನೆಲ್ಲ ನೇರವಾಗಿ ಸರ್ಕಾರಕ್ಕೆ ಕಳಿಸುತ್ತದಂತೆ. ಅದಕ್ಕೆ ಟೀ ಬೇಡ, ರಜ ಬೇಡ, ಮೇಲಿನವರ ಅಣಕವನ್ನೂ ಮಾಡುವುದಿಲ್ಲ. ನನಗಿಂತ ಒಳ್ಳೆಯ ನೌಕರ ಅಂತ ಒಪ್ಪಿಕೊಳ್ಳಲೇಬೇಕು. ಆದರೂ ಆ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಸೆನ್ಸರ್ ಹೇಳದ ನಾಲ್ಕು ಮಾತು ಹೇಳೋಣ ಅಂತ ಕೂತಿದ್ದೇನೆ.

ನಾನು ಮೂಗೂರಿನವನು. ಓದಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಬಂದು ಕೂರುತ್ತಿತ್ತು. ಹೆಡ್‌ಮೇಷ್ಟ್ರು, ಕಂಡಕ್ಟರು, ಸೊಸೈಟಿ ಸೆಕ್ರೆಟರಿ ಎಲ್ಲರನ್ನೂ ಮಾಡುತ್ತಿದ್ದೆ. ನಮ್ಮಪ್ಪ ಹೊಡೆಯಲು ಬಂದಾಗ ಅವನ ದನಿಯಲ್ಲೇ "ಬುಡು, ವಯಸ್ನಲ್ಲಿ ಎಲ್ಲಾ ಇಂಗೇಯ" ಅಂದುಬಿಟ್ಟರೆ ಅವನೇ ಗೊಂದಲಕ್ಕೆ ಬಿದ್ದು ಕೋಲು ಇಳಿಸುತ್ತಿದ್ದ. ಇಂಥ ಪ್ರತಿಭೆಗೆ ಕೊಳಚೆ ನೀರಿನ ವಿಭಾಗವೇ ಸರಿ ಅಂತ ಮಿಲ್ಲಿನವರಿಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ.

ಸೇರುವಾಗ ನನಗೊಂದು ಹೆಮ್ಮೆಯಿತ್ತು. ನಮ್ಮದು ಮರ ಕಡಿದು ಕಾಗದ ಮಾಡುವ ಮಿಲ್ಲಲ್ಲ. ಹಳೇ ರಟ್ಟಿನ ಪೆಟ್ಟಿಗೆಯನ್ನು ನೀರಿನಲ್ಲಿ ರುಬ್ಬಿ ಮತ್ತೆ ಕಂದು ಕಾಗದ ಮಾಡುವ ಮಿಲ್ಲು. ಪರಿಸರ ಉಳಿಸುವ ಕೆಲಸ ಅಂತ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಮೊದಲ ದಿನವೇ ಫೋರ್‌ಮನ್ ಕೆಂಪಯ್ಯ ನನ್ನನ್ನು ರುಬ್ಬುವ ತೊಟ್ಟಿಯ ಹತ್ತಿರ ನಿಲ್ಲಿಸಿದರು. ಹೆಡತಲೆ ಅನ್ನುವ ಊರಿನ ಕೆಂಪಯ್ಯನವರಿಗೂ ‘ಹ’ಕಾರಕ್ಕೂ ಹುಟ್ಟಿನಿಂದ ಮಾತುಕತೆಯಿಲ್ಲ.

"ನೋಡ್ಲಾ ಮಾದೇಸ, ಇದ್ರೊಳಕ್ಕೆ ಪೇಪರ್ ಓಗ್ತದೆ ಅಂತ ತಾನೆ ಅನ್ಕಂಡಿದ್ದೀಯ? ನಿಂತ್ಕಂಡು ನೋಡು."

ನಿಂತು ನೋಡಿದೆ. ರಟ್ಟಿನ ಜೊತೆಗೆ ಹಾಲಿನ ಕವರು, ಅಂಟುಟೇಪು, ಪಿನ್ನು, ಥರ್ಮೋಕೋಲು, ಒಂಟಿ ಚಪ್ಪಲಿ, ಮದುವೆ ಮನೆಯ ಪ್ಲಾಸ್ಟಿಕ್ ಹಾರ ಎಲ್ಲವೂ ಒಳಗೆ ಹೋಗುತ್ತಿದ್ದವು. ಒಂದು ಸಲ ಯಾರದೋ ಪೂರಾ ಹಲ್ಲಿನ ಸೆಟ್ಟು ಸಿಕ್ಕಿತು. ಕೆಂಪಯ್ಯ ಅದನ್ನು ತೊಳೆದು ಕಿಟಕಿಯ ಮೇಲಿಟ್ಟರು. "ಯಾರಾದ್ರೂ ಕೇಳ್ಕಂಡ್ ಬಂದಾರು ಕಣ್ಲಾ, ಪಾಪ, ಮುದ್ದೆ ನುಂಗ್‌ಬೋದು, ಕಳ್ಳೆಕಾಯಿ ಎಂಗ್ ತಿಂದಾರು?" ಯಾರೂ ಕೇಳಿಕೊಂಡು ಬರಲಿಲ್ಲ.

ರುಬ್ಬಿದ ಮೇಲೆ ನಾರು ಕಾಗದವಾಗುತ್ತದೆ. ಉಳಿದ ಅಂಟು, ಗಂಜಿ, ಶಾಯಿ, ಪುಡಿ ಎಲ್ಲ ನೀರಿನ ಜೊತೆ ನಮ್ಮ ವಿಭಾಗಕ್ಕೆ ಬರುತ್ತದೆ. ಅದರ ಬಣ್ಣ ಹೋಟೆಲಿನ ಡಿಕಾಕ್ಷನ್ ಬಣ್ಣ, ವಾಸನೆ ಮಾತ್ರ ಹೋಟೆಲಿನ ಹಿಂಬದಿಯದು. ಮರ ಉಳಿಯುವುದು ನಿಜ. ಆದರೆ ಉಳಿದ ಮರದ ಲೆಕ್ಕ ಬೋರ್ಡಿನ ಮೇಲೆ ಬರೆಸಿ ಗೇಟಿಗೆ ಹಾಕುತ್ತಾರೆ, ಕೆಟ್ಟ ನೀರನ್ನು ಹಿಂದುಗಡೆ ಕೊಳವೆಯಲ್ಲಿ ಕಳಿಸುತ್ತಾರೆ. ನೀವು ಕೆಲಸ ಮಾಡಬೇಕಾದ್ದು ಹಿಂದುಗಡೆ, ನೆನಪಿರಲಿ.

ಆ ಹಿಂದುಗಡೆಯಲ್ಲಿ ನಮ್ಮ ದೊಡ್ಡ ತೊಟ್ಟಿಯಿತ್ತು. ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಹುಳುಗಳು ನೀರಿನ ಕೊಳೆಯನ್ನು ತಿಂದು ಬದುಕುತ್ತವೆ. ಅವು ಉಸಿರಾಡಲಿ ಅಂತ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು. ಕೆಮಿಸ್ಟ್ ರೂಪಾ ಮೇಡಂ ಅವುಗಳನ್ನು "ನಮ್ಮ ಹುಡುಗರು" ಅನ್ನುತ್ತಿದ್ದರು. ಮಿಲ್ಲು ನಿಂತ ದಿನ ಹುಡುಗರಿಗೆ ಹಸಿವಾಗುತ್ತದೆ ಅಂತ ಬೆಲ್ಲ ಕರಗಿಸಿ ಹಾಕಿಸುತ್ತಿದ್ದರು. ನಮಗೆ ಕ್ಯಾಂಟೀನಿನಲ್ಲಿ ಸಕ್ಕರೆ ಕಡಿಮೆಯಾದರೆ ಕೇಳುವವರಿರಲಿಲ್ಲ. ಹುಡುಗರಿಗೆ ನಮ್ಮ ನರಸೀಪುರದ ಆಲೆಮನೆ ಬೆಲ್ಲವೇ ಆಗಬೇಕಿತ್ತು. ಬೆಲ್ಲದ ಮೂಟೆ ಹೊರುವಾಗ ನಾನು ತೊಟ್ಟಿಗೆ ಬಗ್ಗಿ ಕೇಳುತ್ತಿದ್ದೆ: "ಏನಪ್ಪಾ ಭಾವಂದಿರಾ, ಊಟ ಆಯ್ತಾ?"

ಈಗ ತೊಟ್ಟಿಯ ಆಚೆ ಇದ್ದವರ ವಿಷಯ. ತಿಳಿಯಾದ ನೀರು ಕಾಂಪೌಂಡು ದಾಟಿ ಹೊರಗೆ ಹೋಗುವ ಜಾಗದಲ್ಲಿ ಒಂದು ವಾಲ್ವು. ಕಾರಿನ ಸ್ಟೇರಿಂಗಿನ ಹಾಗೆ ತಿರುಗಿಸುವ ಕಬ್ಬಿಣದ ಚಕ್ರ. ಅದರಿಂದಾಚೆ ಕಾಲುವೆ. ಕಾಲುವೆಯ ಬಾಯಿಗೇ ಮಹದೇವಮ್ಮನ ಅರ್ಧ ಎಕರೆ ರಸಬಾಳೆ, ಬಾಳೆಯ ಪಕ್ಕ ಅವರು ಕುಡಿಯುವ ನೀರಿನ ಬಾವಿ. ಈ ಸೀಮೆಯಲ್ಲಿ ನಿಜವಾದ ರಸಬಾಳೆ ಬೆಳೆಯುವವರು ಕಡಿಮೆಯಾಗಿದ್ದಾರೆ. ರೋಗ ಬೇಗ, ಮುನಿಸು ಜಾಸ್ತಿ. ಆ ಬಾಳೆಗೂ ಮಹದೇವಮ್ಮನಿಗೂ ಸ್ವಭಾವ ಒಂದೇ. ನೀರು ತಿಳಿಯಿದ್ದರೆ ಬಾಳೆ ನಗುತ್ತದೆ. ಕೆಟ್ಟ ನೀರು ಹೋದರೆ ಬಾಳೆಯೂ ಹೋಯಿತು, ಬಾವಿಯೂ ಹೋಯಿತು. ಇದು ನಮಗೆಲ್ಲ ಗೊತ್ತಿತ್ತು. ನಮಗೆ ಗೊತ್ತಿದೆ ಅನ್ನುವುದು ಮಹದೇವಮ್ಮನಿಗೂ ಗೊತ್ತಿತ್ತು.

ನಮ್ಮ ಜಿ.ಎಂ. ಅಂದರೆ ಜನರಲ್ ಮ್ಯಾನೇಜರು ಒಳ್ಳೆಯವರು. ಪ್ರತಿ ಮಾತನ್ನೂ "ಬೇಸಿಕಲಿ" ಅಂತ ಶುರು ಮಾಡುತ್ತಿದ್ದರು, ಶುರು ಮಾಡಿದ್ದನ್ನು ಮುಗಿಸುವ ಹೊತ್ತಿಗೆ ಬೇರೆ ಯಾವುದೋ ಬೇಸಿಕ್ ಸಿಕ್ಕಿಬಿಡುತ್ತಿತ್ತು. ಒಂದು ವರ್ಷ ಅವರಿಗೆ ಒಂದು ಯೋಚನೆ ಬಂತು. "ಬೇಸಿಕಲಿ, ಆಯುಧಪೂಜೆಗೆ ಅತ್ಯಂತ ಸ್ವಚ್ಛವಾದ ವಿಭಾಗಕ್ಕೆ ಬಹುಮಾನ." ಬಹುಮಾನ ಗೆದ್ದ ವಿಭಾಗದ ಎಲ್ಲರಿಗೂ ಒಂದೊಂದು ಪ್ರೆಷರ್ ಕುಕ್ಕರ್.

ಪ್ರತಿ ವರ್ಷ ಬಾಯ್ಲರ್‌ನವರು ಬಾಯ್ಲರಿಗೆ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ ಮೆರೆಯುತ್ತಿದ್ದರು. ನಮ್ಮ ವಿಭಾಗದ ಕಡೆಗೆ ಪೂಜಾರಿ ಮೂಗು ಮುಚ್ಚಿಕೊಂಡು ಬಂದು, ದೂರದಿಂದಲೇ ಮಂಗಳಾರತಿ ಎತ್ತಿ ಹೋಗುತ್ತಿದ್ದ. ಈ ಅವಮಾನ ಕೆಂಪಯ್ಯನವರ ಎದೆಯಲ್ಲಿ ಬಹಳ ದಿನದಿಂದ ಕೂತಿತ್ತು.

"ಈ ಸಲಿ ಕುಕ್ಕರ್ ನಮ್ದೇಯ" ಅಂದರು. "ತೊಟ್ಟಿ ನೋಡಿ, ಎಂಗದೆ ಗಲೀಜು! ಕಟ್ಟಿದಾಗಿಂದ ಯಾರಾದ್ರೂ ತೊಳ್ದವ್ರಾ ಇದ?"

ರೂಪಾ ಮೇಡಂ ಹಬ್ಬಕ್ಕೆ ಊರಿಗೆ ಹೋಗಿದ್ದರು. ತಡೆಯುವವರು ಯಾರೂ ಇರಲಿಲ್ಲ. ಹಬ್ಬಕ್ಕೆ ಮನೆಯ ಒಲೆ, ಒನಕೆ, ಸೈಕಲ್ಲು ಎಲ್ಲ ತೊಳೆಯುವ ಜನ ನಾವು, ತೊಟ್ಟಿ ಯಾಕೆ ಬಿಡಬೇಕು? ಕಂದು ನೀರನ್ನೆಲ್ಲ ಪಂಪಿನಿಂದ ಎತ್ತಿ ಕೆಸರು ಒಣಗಿಸುವ ಅಂಗಳಕ್ಕೆ ಹರಡಿದೆವು. ಇಳಿದು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆವು. ಗೋಡೆಗೆ ಅಂಟಿದ್ದ ಲೋಳೆಯನ್ನು ತೆಂಗಿನ ನಾರಿನಿಂದ ಕಿತ್ತೆವು. ಮೇಲೆ ಇನ್ನೊಂದು ಸಲ ಫಿನಾಯಿಲು. ನಾನು ಜಿ.ಎಂ. ದನಿಯಲ್ಲಿ "ಬೇಸಿಕಲಿ, ಮೂಲೆ ಉಜ್ರಯ್ಯಾ" ಅಂತ ಹುರಿದುಂಬಿಸುತ್ತಿದ್ದೆ. ಬೋರ್‌ವೆಲ್ ನೀರು ತುಂಬಿ, ಚೆಂಡುಹೂವು ತೇಲಿಬಿಟ್ಟು, ನಡುವೆ ದೀಪದ ತಟ್ಟೆ ಬಿಟ್ಟಾಗ ಆ ತೊಟ್ಟಿ ಮದುವೆ ಛತ್ರದ ಕಾರಂಜಿಯ ಹಾಗೆ ಕಾಣುತ್ತಿತ್ತು. ಪೂಜಾರಿ ಮೂಗಿನಿಂದ ಕೈ ತೆಗೆದು ಒಳಗೆ ಬಂದ. ಜಿ.ಎಂ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಕುಕ್ಕರ್ ನಮಗೇ ಬಂತು. ನಮ್ಮಮ್ಮ ಇವತ್ತಿಗೂ ಅದರಲ್ಲೇ ಬೇಳೆ ಬೇಯಿಸುತ್ತಾಳೆ.

ಹಬ್ಬ ಮುಗಿಸಿ ಬಂದ ರೂಪಾ ಮೇಡಂ ತೊಟ್ಟಿಯ ಮುಂದೆ ನಿಂತರು. ಬೇರೆ ಕಾರ್ಖಾನೆಗೆ ಬಂದೆನೇನೋ ಅನ್ನುವಂತೆ ಹಿಂದೆ ತಿರುಗಿ ಗೇಟು ನೋಡಿದರು. ಮತ್ತೆ ತೊಟ್ಟಿ ನೋಡಿದರು. ತಳ ಕಾಣುತ್ತಿತ್ತು.

"ಕೆಂಪಯ್ಯನವರೇ, ನಮ್ಮ ಹುಡುಗರು ಎಲ್ಲಿ?"

"ಎಲ್ಲಾ ಊಟುಕ್ ಓಗವ್ರೆ ಮೇಡಂ, ಬತ್ತಾರೆ."

"ನಮ್ಮ ಆಳುಗಳಲ್ಲ ಕಣ್ರೀ! ಹುಳು! ತೊಟ್ಟೀಲಿದ್ದ ಹುಳು!"

ಕೆಂಪಯ್ಯ ಒಣಗಿ ಬಿರುಕುಬಿಟ್ಟಿದ್ದ ಅಂಗಳದ ಕಡೆ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಹುಳುಗಳು ಆ ಕೊಳೆಯಲ್ಲೇ ಇರುತ್ತವೆ, ಕೊಳೆ ಅಂದರೇ ಹುಳು ಅಂತ ಇಷ್ಟು ದಿನ ಬೆಲ್ಲ ಹಾಕಿದವರಿಗೇ ತಲೆಗೆ ಹೋಗಿರಲಿಲ್ಲ. ಅವು ಎಲ್ಲೋ ತಳದಲ್ಲಿ ಮೀನಿನ ಹಾಗೆ ಓಡಾಡಿಕೊಂಡಿರುತ್ತವೆ ಅಂತ ನಾನು ಅಂದುಕೊಂಡಿದ್ದೆ. ತೊಳೆಯುವಾಗ ಒಂದೂ ಕಾಣಲಿಲ್ಲವಲ್ಲ, ಹಬ್ಬಕ್ಕೆ ಅವೂ ಎಲ್ಲಿಗೋ ಹೋಗಿವೆ ಅನ್ನುವಷ್ಟು ನಿಶ್ಚಿಂತೆ. ಮೇಡಂ ಅಲ್ಲೇ ಕುಕ್ಕರಿನ ಖಾಲಿ ಡಬ್ಬದ ಮೇಲೆ ಕೂತುಬಿಟ್ಟರು.

ಹಬ್ಬಕ್ಕೆ ನಿಂತಿದ್ದ ಮಿಲ್ಲು ಆಗಲೇ ಶುರುವಾಗಿತ್ತು. ಡಿಕಾಕ್ಷನ್ ಬಂದೇ ಬರುತ್ತಿತ್ತು, ತಿನ್ನುವವರು ಇಲ್ಲ. ಹಾಗಾಗಿ ಅದನ್ನು ಹಿಂದಿನ ದೊಡ್ಡ ಹೊಂಡದಲ್ಲಿ ನಿಲ್ಲಿಸತೊಡಗಿದೆವು. ಹೊಂಡ ತುಂಬಿದರೆ ಎರಡೇ ದಾರಿ: ಮಿಲ್ಲು ನಿಲ್ಲಿಸಬೇಕು, ಇಲ್ಲಾ ವಾಲ್ವು ತಿರುಗಿಸಬೇಕು.

ಜಿ.ಎಂ. ತಲೆ ಕೆರೆದುಕೊಂಡರು. "ಬೇಸಿಕಲಿ, ಆರ್ಡರ್ ಇದೆ. ಮಿಲ್ಲು ನಿಲ್ಲಿಸೋಕಾಗಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ..."

"ಸ್ವಲ್ಪ ಸ್ವಲ್ಪವಾಗಿ ಬಾವಿಗೆ ಹೋಗುತ್ತೆ ಸರ್" ಅಂದರು ಮೇಡಂ.

ಈ ಮಾತು ಮಹದೇವಮ್ಮನ ಕಿವಿಗೆ ಮುಟ್ಟಲು ಎಷ್ಟು ಹೊತ್ತು? ಕೆಂಪಯ್ಯನಿಗೆ ಗುಟ್ಟು ಹೇಳಿದರೆ ಮೈಕು ಕಟ್ಟಿಸುವ ಖರ್ಚು ಉಳಿಯುತ್ತದೆ. ಮಾರನೇ ಬೆಳಿಗ್ಗೆ ನಾವು ಹೋಗಿ ನೋಡಿದರೆ ವಾಲ್ವಿನ ಚಕ್ರಕ್ಕೆ ಒಂದು ಎಮ್ಮೆ ಕಟ್ಟಿತ್ತು. ಸಾಮಾನ್ಯ ಎಮ್ಮೆಯಲ್ಲ. ಕೊಂಬು ಸೈಕಲ್ ಹ್ಯಾಂಡಲ್ಲಿನಷ್ಟು ಅಗಲ, ನೋಟ ಪೊಲೀಸರದು. ಪಕ್ಕದಲ್ಲಿ ಮಹದೇವಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು.

"ಯಾನ್ಲಾ ಮಾದೇಸ, ಯಾರ್ನಾದ್ರೂ ಕಳ್ಸು ವಾಲ್ ತಿರುಗ್ಸಕೆ. ನಮ್ ಗೌರಿಗೂ ಒಸಿ ಕಾಲಕ್ಷೇಪ ಆಯ್ತದೆ."

"ಅತ್ತೆ, ಎಮ್ಮೆ ಇಲ್ಲಿ ಕಟ್ಟೋದು ಕಾನೂನಿಗೆ ವಿರುದ್ಧ."

"ತೊಟ್ಟೀಗೆ ಫಿನಾಯಿಲ್ ಉಯ್ಯದು ಕಾನೂನಾ? ನಿನ್ ಬುದ್ದೀಗೆ ಉಯ್ಬೇಕಾಗಿತ್ತು. ನಮ್ ಬಾವಿ ನೀರ್ ಕೆಟ್ರೆ ನಿಮ್ ಕುಕ್ಕರ್ನಲ್ಲಿ ಕಾಯ್ಸ್‌ಕಂಡ್ ಕುಡೀಲಾ ನಾನು?"

ಸೆಕ್ಯೂರಿಟಿಯವನು ಲಾಠಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟ. ಗೌರಿ ಒಂದು ಸಲ ಉಸಿರುಬಿಟ್ಟಿತು. ಸೆಕ್ಯೂರಿಟಿಯವನಿಗೆ ಗೇಟಿನಲ್ಲಿ ಏನೋ ಕೆಲಸ ನೆನಪಾಯಿತು. ಜಿ.ಎಂ. ಬೇರೆ ದಾರಿ ಕಾಣದೆ ಮಿಲ್ಲನ್ನು ಅರ್ಧ ವೇಗಕ್ಕೆ ಇಳಿಸಿದರು. ಕಾಯಿದೆ, ನೋಟಿಸು, ದಂಡ ಯಾವುದಕ್ಕೂ ಬಗ್ಗದವರು ಎಮ್ಮೆಗೆ ಬಗ್ಗಿದರು.

ಇನ್ನು ಹುಳು ಎಲ್ಲಿಂದ ತರುವುದು? ಬರೀ ಸಗಣಿ ಹಾಕಿ ಎಬ್ಬಿಸಬಹುದು, ಆದರೆ ಅಷ್ಟರಲ್ಲಿ ಹೊಂಡ ತುಂಬಿಬಿಡುತ್ತದೆ ಅಂದರು ಮೇಡಂ. ಬೇರೆ ಮಿಲ್ಲಿನ ತೊಟ್ಟಿಯಿಂದ ಬದುಕಿರುವ ಕೆಸರು ತಂದು ಹೆಪ್ಪು ಹಾಕಬೇಕು, ಮೊಸರಿಗೆ ಹಾಕುವ ಹಾಗೆ. ನರಸೀಪುರದ ದಾರಿಯಲ್ಲಿ ರಟ್ಟು ಮಾಡುವ ಒಂದು ಪುಟ್ಟ ಮಿಲ್ಲಿತ್ತು. ಆದರೆ ಅದರ ಮ್ಯಾನೇಜರಿಗೂ ನಮ್ಮ ಜಿ.ಎಂ.ಗೂ ಯಾವುದೋ ಸಭೆಯಲ್ಲಿ ಕುರ್ಚಿಯ ವಿಷಯಕ್ಕೆ ಮನಸ್ತಾಪವಾಗಿ ಮಾತು ನಿಂತಿತ್ತು.

"ನಾನು ಆ ಮನುಷ್ಯನ ಹತ್ತಿರ ಕೇಳಲ್ಲ" ಅಂದರು ಜಿ.ಎಂ. ‘ಬೇಸಿಕಲಿ’ ಇಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೇಡಂ ನನ್ನ ಕಡೆ ನೋಡಿದರು. ಕೆಂಪಯ್ಯ ನನ್ನ ಕಡೆ ನೋಡಿದರು. ನಾನು ಜಿ.ಎಂ. ಅಣಕ ಮಾಡುವ ವಿಷಯ ಜಿ.ಎಂ.ಗೆ ಗೊತ್ತಿಲ್ಲ ಅಂತ ನಂಬಿಕೊಂಡಿದ್ದ ನಾನು ಮಾತ್ರ ಚಾವಣಿ ನೋಡಿದೆ.

"ಬೇಸಿಕಲಿ, ಮಾಡಯ್ಯಾ" ಅಂದರು ಜಿ.ಎಂ., ನಿಟ್ಟುಸಿರು ಬಿಟ್ಟು. "ಹೇಗೂ ಕ್ಯಾಂಟೀನಲ್ಲಿ ದಿನಾ ಮಾಡ್ತೀಯಲ್ಲ."

ಅವರ ಫೋನು, ಅವರ ಕುರ್ಚಿ, ಅವರ ದನಿ. ಅವರು ಎದುರಿಗೆ ಸಂದರ್ಶನಕ್ಕೆ ಬಂದವರ ಹಾಗೆ ನಿಂತಿದ್ದರು. ನಾನು ಹೊಟ್ಟೆ ಮುಂದೆ ಮಾಡಿ ಶುರು ಮಾಡಿದೆ: "ಬೇಸಿಕಲಿ ಬ್ರದರ್, ತಪ್ಪು ನನ್ನದೇ. ಅವತ್ತು ಆ ಕುರ್ಚಿ ನಿಮ್ಮದೇ. ನಾನು ಕೂತಿದ್ದು ಅಹಂಕಾರದಿಂದ."

ಜಿ.ಎಂ. ಎರಡೂ ಕೈಯಲ್ಲಿ ಬೇಡ ಬೇಡ ಅಂತ ಸನ್ನೆ ಮಾಡಿದರು. ನಾನು ಕಣ್ಣು ಮುಚ್ಚಿಕೊಂಡು ಮುಂದುವರಿಸಿದೆ. "ನಿಮ್ಮ ತೊಟ್ಟಿ ನೋಡಿ ಕಲಿಯಬೇಕು ಬ್ರದರ್. ಹೆಪ್ಪಿಗೆ ಒಂದಿಷ್ಟು ಕೆಸರು ಕೊಡಿ. ನಮ್ಮವರು ದಡ್ಡರು. ನಾನು ದಡ್ಡರ ರಾಜ." ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. "ಇಷ್ಟು ಸಾಕು ಸಾರ್, ಇಷ್ಟು ಸಾಕು. ಎಷ್ಟು ಡ್ರಮ್ ಬೇಕು ತಗೊಂಡು ಹೋಗಿ" ಅಂದರು. ಅವರಿಬ್ಬರೂ ಈಗ ಜೀವದ ಗೆಳೆಯರು. ಜಿ.ಎಂ. ಇವತ್ತಿನವರೆಗೂ ಆ ಕ್ಷಮೆಯನ್ನು ತಾವೇ ಕೇಳಿದ್ದು ಅಂತ ಹೇಳಿಕೊಳ್ಳುತ್ತಾರೆ. ಇರಲಿ, ದನಿ ಅವರದೇ ತಾನೆ.

ಕೆಸರು ತರಲು ಲಗೇಜ್ ಆಟೋ ಹಿಡಿದು ಹೊರಟೆವು. ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಹುಳುಗಳಿಗೆ ಉಸಿರು ಕಟ್ಟುತ್ತದೆ, ದಾರಿಯುದ್ದಕ್ಕೂ ಕಲಕುತ್ತಲೇ ಇರಿ ಅಂತ ಮೇಡಂ ಹೇಳಿ ಕಳಿಸಿದ್ದರು. ಹಾಗಾಗಿ ವಾಪಸು ಬರುವಾಗ ಹಿಂದುಗಡೆ ನಾನೂ ಕೆಂಪಯ್ಯನೂ ಬಿದಿರಿನ ಗಳ ಹಿಡಿದು, ಮುಚ್ಚಳವಿಲ್ಲದ ಡ್ರಮ್ಮುಗಳಲ್ಲಿ ಕಂದು ನೀರನ್ನು ತಿರುವುತ್ತಾ ನಿಂತಿದ್ದೆವು. ಹಂಪು ಬಂದಾಗಲೆಲ್ಲ ಅರ್ಧ ಲೋಟ ಮೈಮೇಲೆ.

ಒಂದು ಟೀ ಅಂಗಡಿಯ ಮುಂದೆ ಆಟೋ ನಿಂತಿತು. ಬೆಂಚಿನ ಮೇಲಿದ್ದ ಒಬ್ಬ ಎದ್ದು ಬಂದ. "ಏನಣ್ಣಾ ಅದು, ಪಾಯಸವಾ? ಯಾರ್ ಮದ್ವೆ?"

ಕೆಂಪಯ್ಯ ತಿರುವುವುದನ್ನು ನಿಲ್ಲಿಸದೆ ಹೇಳಿದರು: "ಮದ್ವೆ ಅಲ್ಲ ಕಣಪ್ಪ, ಸಾವು. ನಮ್ ಉಡುಗ್ರೆಲ್ಲಾ ಓಗ್ಬುಟ್ರು. ಇವು ಬೇರೆ ಊರಿನ್ ಉಡುಗ್ರು, ಕರ್ಕಂಡ್ ಓಯ್ತಿದ್ದೀವಿ. ಉಸುರಾಡ್ಲಿ ಅಂತ ತಿರುಗುಸ್ತಿದ್ದೀವಿ."

ಆ ಮನುಷ್ಯ ಡ್ರಮ್ಮಿನೊಳಗೆ ಬಗ್ಗಿ ನೋಡಿದ. ಆಮೇಲೆ ಕೆಂಪಯ್ಯನ ಮುಖ ನೋಡಿದ. ಟೀ ಬಿಟ್ಟು ನಡೆದೇ ಹೋದ.

ಕೆಸರು ತೊಟ್ಟಿಗೆ ಬಿತ್ತು. ಬೆಲ್ಲ ಬಿತ್ತು. ಸಗಣಿ ಬೇಕು ಅಂತ ಮಹದೇವಮ್ಮನನ್ನೇ ಕೇಳಬೇಕಾಯಿತು. "ತಕ್ಕೊಳ್ಳಿ, ಎಮ್ಮೆ ನಿಮ್ ಬಾಗ್ಲಲ್ಲೇ ಅದಲ್ಲ" ಅಂದರು. ದಿನಾ ಬೆಳಿಗ್ಗೆ ರೂಪಾ ಮೇಡಂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರುತ್ತಿದ್ದರು, ನಾವು ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ ಬಾಗಿಲಲ್ಲಿ. ಹೊಂಡದಲ್ಲಿ ನೀರು ಅಂಚಿಗೆ ಬರುತ್ತಿತ್ತು. ಕಡೆಗೊಂದು ಬೆಳಿಗ್ಗೆ ಮೇಡಂ "ಬಂದ!" ಅಂತ ಕೂಗಿದರು. ಎಲ್ಲರೂ ಸಾಲಾಗಿ ನೋಡಿದೆವು. ದಾರಕ್ಕೆ ಕಟ್ಟಿದ ಪುಟ್ಟ ಗಂಟೆಯ ಹಾಗೆ ಏನೋ ಒಂದು ಆಡುತ್ತಿತ್ತು. ಕೆಂಪಯ್ಯ ಚಪ್ಪಲಿ ಬಿಟ್ಟು ನೋಡಿದರು.

ಕೆಲವು ದಿನಕ್ಕೆ ತೊಟ್ಟಿ ಮತ್ತೆ ಹಳೇ ಕಂದು ಬಣ್ಣಕ್ಕೆ ಬಂತು, ಉತ್ತ ಮಣ್ಣಿನ ವಾಸನೆ ಬಂತು, ಕೊನೆಯಲ್ಲಿ ಹೊರಬರುವ ನೀರು ತಿಳಿಯಾಯಿತು. ಮೇಡಂ ಗಾಜಿನ ಸೀಸೆಯಲ್ಲಿ ಹಿಡಿದು ಮಹದೇವಮ್ಮನಿಗೆ ತೋರಿಸಿದರು.

"ಸೀಸೇಲಿ ಎಲ್ಲಾ ಚಂದಾಗೇ ಕಾಣ್ತದೆ ಕನವ್ವ. ನನ್ ಬಾಳೆ ಸೀಸೇಲಿ ಇಲ್ಲ."

"ಬೇಸಿಕಲಿ, ತಪಾಸಣೆಗೆ ಬರೋರಿಗೆ ತೋರಿಸೋ ಗಾಜಿನ ತೊಟ್ಟೀಲಿ ಈ ನೀರಲ್ಲೇ ಮೀನು ಆರಾಮಾಗಿ ಬದುಕಿದೆಯಮ್ಮ" ಅಂದರು ಜಿ.ಎಂ.

"ಆಪೀಸ್ರು ಬರೋ ಹಿಂದಿನ್ ದಿನ ಸಂತೇಲಿ ತಂದ್ ಬುಡೋ ಮೀನ್ ತಾನೆ? ನಾನೂ ಅದೇ ಸಂತೆಗೇ ಓಗದು."

ಜಿ.ಎಂ. ಕೆಂಪಯ್ಯನ ಕಡೆ ನೋಡಿದರು. ಕೆಂಪಯ್ಯ ನೆಲ ನೋಡಿದರು. ಕೊನೆಗೆ ಮೇಡಂ, ಕಾಲುವೆಗೆ ತಡೆ ಹಾಕಿ ಒಂದು ಬಕೆಟ್ಟಿನಷ್ಟು ಮಾತ್ರ ಬಿಟ್ಟು ತೋರಿಸುತ್ತೇವೆ, ಹರಿಯುವುದನ್ನು ಕಣ್ಣಾರೆ ನೋಡಿ ಅಂತ ಒಪ್ಪಿಸಿದರು. ಮಹದೇವಮ್ಮ ಗೌರಿಯ ಮೂಗುದಾರ ಹಿಡಿದು ಪಕ್ಕಕ್ಕೆ ಎಳೆದು ನಿಂತರು. ನಾನು ಚಕ್ರ ತಿರುಗಿಸಿದೆ. ನೀರು ಬಂತು. ಯಾರೂ ಎಣಿಸದ ಕೆಲಸವನ್ನು ಗೌರಿ ಮಾಡಿತು: ಕತ್ತು ಕೊಸರಿ, ಬಾಯಿ ಇಟ್ಟು, ಬಿಟ್ಟ ನೀರನ್ನೆಲ್ಲ ಸೊರ್ರಂತ ಕುಡಿದು ಮುಗಿಸಿತು.

"ಅಯ್ಯಯ್ಯೋ! ನನ್ನೆಮ್ಮೆಗೇನಾರ ಆಗ್ಲಿ, ನಿಮ್ ಮಿಲ್ನ ಇಟ್ಟಿಗೆ ಇಟ್ಟಿಗೆ ಬಿಚ್ತೀನಿ" ಅಂದರು ಮಹದೇವಮ್ಮ. ಆ ಮನೆಯ ಜೀವನಕ್ಕೆ ಡೈರಿಗೆ ಹಾಕುವ ಹಾಲು ಬಿಟ್ಟರೆ ಬಾಳೆ, ಬಾಳೆ ಬಿಟ್ಟರೆ ಹಾಲು. ಈಗ ಎರಡೂ ಒಂದೇ ಎಮ್ಮೆಯ ಹೊಟ್ಟೆಯಲ್ಲಿದ್ದವು.

ಆ ಸಂಜೆ ಪಶುವೈದ್ಯರು ಬಂದು ನೋಡಿ, ನಾಳೆ ಬೆಳಿಗ್ಗೆ ಸಗಣಿ ಸರಿಯಾಗಿ ಬಿದ್ದರೆ ಗಾಬರಿಯಿಲ್ಲ ಅಂದರು. ಮಾರನೇ ಬೆಳಿಗ್ಗೆ ಇಡೀ ಆಡಳಿತ ಮಂಡಳಿ ವಾಲ್ವಿನ ಹತ್ತಿರ ಸೇರಿತ್ತು. ಜಿ.ಎಂ.ಗೆ ಕುರ್ಚಿ ಹಾಕಿದ್ದರು, ಅವರು ಕೂರಲಿಲ್ಲ. ಅಕೌಂಟ್ಸ್‌ನವರು, ಪರ್ಸನಲ್‌ನವರು, ಬಾಯ್ಲರ್‌ನವರು ಎಲ್ಲ ಅರ್ಧಚಂದ್ರಾಕಾರವಾಗಿ ನಿಂತು ಒಂದು ಎಮ್ಮೆಯ ಹಿಂಭಾಗವನ್ನು ನೋಡುತ್ತಿದ್ದರು. ಗೌರಿ ಹುಲ್ಲು ಮೆಲ್ಲುತ್ತಾ ನಮ್ಮನ್ನೆಲ್ಲ ಕಾಯಿಸಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಗಮನವಿಟ್ಟು ನಡೆದ ಸಭೆಯನ್ನು ನಾನು ಕಂಡಿಲ್ಲ.

ಬಾಲ ಎದ್ದಿತು.

"ಗಟ್ಟಿ!" ಅಂದರು ಪಶುವೈದ್ಯರು.

ಜಿ.ಎಂ. ಚಪ್ಪಾಳೆ ತಟ್ಟಿಯೇಬಿಟ್ಟರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಲೇಬೇಕಲ್ಲ. ಕೆಂಪಯ್ಯ ಕಣ್ಣೊರೆಸಿಕೊಂಡರು. ಮಹದೇವಮ್ಮ ಬಗ್ಗಿ ನೋಡಿ, ಕೋಲಿನಲ್ಲಿ ಕೆದಕಿ ನೋಡಿ, ಆಮೇಲೆ ಬಾಳೆಯ ಕಡೆ ತಿರುಗಿದರು.

"ಬುಡಿ ನೀರ" ಅಂದರು.

ನಾನು ಚಕ್ರ ತಿರುಗಿಸಿದೆ. ನೀರು ಕಾಲುವೆ ಹಿಡಿದು ಬಾಳೆಯ ಬುಡಕ್ಕೆ ಹೋಗುವವರೆಗೂ ಅವರು ಅದರ ಜೊತೆಜೊತೆಗೇ ನಡೆದು ಹೋಗಿ ವಾಪಸು ಬಂದರು. ಎಮ್ಮೆಯ ಕೊರಳಿನ ಕಡೆಯ ಗಂಟು ಬಿಚ್ಚಿದರು. ಚಕ್ರದ ಕಡೆಯ ಗಂಟು ಬಿಚ್ಚಲಿಲ್ಲ. ಹಗ್ಗ ವಾಲ್ವಿನಿಂದ ಜೋತಾಡುತ್ತಿತ್ತು.

"ಅಮ್ಮಾ, ಬೇಸಿಕಲಿ, ಹಗ್ಗ ಮರೆತಿರಿ" ಅಂದರು ಜಿ.ಎಂ.

"ಮರ್ತಿಲ್ಲ" ಅಂದರು ಮಹದೇವಮ್ಮ, ಗೌರಿಯನ್ನು ಹೊಡೆದುಕೊಂಡು ಹೋಗುತ್ತಾ. "ಅದು ಅಲ್ಲೇ ಇರ್ಲಿ. ಎಮ್ಮೆ ಯಾವಾಗ್ ಬೇಕಾದ್ರೂ ಬತ್ತದೆ."

ಜಿ.ಎಂ. ಕೆಂಪಯ್ಯನಿಗೆ ಬಿಚ್ಚಲು ಹೇಳಿದರು. ಕೆಂಪಯ್ಯ ನನಗೆ ಹೇಳಿದರು. ನಾನು ಜಿ.ಎಂ. ದನಿಯಲ್ಲಿ "ಬೇಸಿಕಲಿ, ನೀವೇ ಬಿಚ್ಚಿ ಸಾ" ಅಂದೆ. ಜಿ.ಎಂ. ಒಂದು ಹೆಜ್ಜೆ ಮುಂದೆ ಹೋದರು, ಹಗ್ಗ ನೋಡಿದರು, ದೂರದಲ್ಲಿ ಹೋಗುತ್ತಿದ್ದ ಗೌರಿಯನ್ನು ನೋಡಿದರು, ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಆಫೀಸಿಗೆ ನಡೆದರು. ನಾನು ನಿವೃತ್ತನಾದ ದಿನವೂ ಹಗ್ಗ ಅಲ್ಲೇ ಇತ್ತು.